ಕಲ್ಲಿನೊಳಗಿನ ಜೋಡಣೆ: ಹರಳಿನ ರಚನೆ ನೋಡಿ ಖನಿಜ ಗುರುತಿಸುವ ಕ್ರಮ

ಹೊಲ ಉಳುವಾಗ ಸಿಕ್ಕಿದ್ದು, ಬೋರ್‌ವೆಲ್ ಕೊರೆಸುವಾಗ ಮೇಲೆ ಬಂದದ್ದು, ಚಾರಣಕ್ಕೆ ಹೋದಾಗ ಜೇಬಿಗೆ ಸೇರಿದ್ದು, ಹೀಗೆ ಹೊಳೆಯುವ ಕಲ್ಲೊಂದರ ಫೋಟೊ ಕಳಿಸಿ "ಇದು ಯಾವ ಕಲ್ಲು? ಬೆಲೆ ಬಾಳುತ್ತಾ?" ಎಂದು ಬಹಳ ಜನ ಕೇಳುತ್ತಾರೆ. ಫೋಟೊದಲ್ಲಿ ಕಾಣುವುದು ಬಣ್ಣ ಮತ್ತು ಹೊಳಪು. ಖನಿಜ ಗುರುತಿಸುವಾಗ ಹೆಚ್ಚು ದಾರಿ ತಪ್ಪಿಸುವುದೂ ಅವೇ. ಕಲ್ಲು ಯಾವ ದಿಕ್ಕಿನಲ್ಲಿ ಒಡೆಯುತ್ತದೆ, ಮುಖಗಳ ನಡುವಿನ ಕೋನ ಎಷ್ಟು, ಯಾವುದು ಅದನ್ನು ಗೀರುತ್ತದೆ, ಗಾತ್ರಕ್ಕೆ ತಕ್ಕ ತೂಕ ಇದೆಯೇ, ಇವನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಈ ನಾಲ್ಕೂ ನೇರವಾಗಿ ಒಳಗಿನ ಪರಮಾಣುಗಳ ಜೋಡಣೆಯಿಂದ ಬರುವ ಗುಣಗಳು. ಜೋಡಣೆ ಅರ್ಥವಾದರೆ ಖನಿಜಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ (ವಾಚ್ ರಿಪೇರಿಯವರ ಬಳಿ ಇರುವಂಥದ್ದು), ಪ್ಲಾಸ್ಟಿಕ್ ಸುಲಿದ ದಪ್ಪ ತಾಮ್ರದ ತಂತಿ, ಹಳೆಯ ಚಾಕು, ಗಾಜಿನ ತುಂಡು, ಆಯಸ್ಕಾಂತ, ಶಾಲೆಯ ಕಂಪಾಸ್ ಬಾಕ್ಸಿನ ಕೋನಮಾಪಕ, ಬಿಳಿ ಪಿಂಗಾಣಿ ಟೈಲ್ಸಿನ ಚೂರು (ಅದರ ನುಣುಪಿಲ್ಲದ ಹಿಂಬದಿ ನಮಗೆ ಬೇಕು), 0.1 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ. ಕೈ ಪಳಗಿಸಿಕೊಳ್ಳಲು ಕಲ್ಲುಪ್ಪು, ಒಂದು ತುಂಡು ಕಾಗೆಬಂಗಾರ ಅಂದರೆ ಅಭ್ರಕ, ಬಿಳಿ ಬೆಣಚುಕಲ್ಲು, ಸಾಧ್ಯವಾದರೆ ಒಂದು ಕ್ಯಾಲ್ಸೈಟ್ (ಸುಣ್ಣಕಲ್ಲಿನ ಮುಖ್ಯ ಖನಿಜ) ಇಟ್ಟುಕೊಳ್ಳಿ. ಕಲ್ಲು ಒಡೆಯುವಾಗ ಕನ್ನಡಕ ಹಾಕಿ, ಕಲ್ಲನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಡೆಯಿರಿ. ಚೂರು ಕಣ್ಣಿಗೆ ಸಿಡಿಯುವುದು ಅಪರೂಪವಲ್ಲ.

ಒಂದು ಮುಖ್ಯ ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಹತ್ತಿಯ ಎಳೆಯಂತೆ ನಾರುನಾರಾಗಿ ಬಿಡಿಸಿಕೊಳ್ಳುವ ಖನಿಜ ಸಿಕ್ಕರೆ ಅದನ್ನು ಗೀರಬೇಡಿ, ಪುಡಿ ಮಾಡಬೇಡಿ, ಊದಬೇಡಿ. ಅದು ಕಲ್ನಾರು ಆಗಿರಬಹುದು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ವರ್ಷಗಳ ನಂತರ ಕಾಯಿಲೆ ತರುತ್ತದೆ. ಗುರುತು ಸಿಗದ ಕಲ್ಲನ್ನು ನೆಕ್ಕಿ ನೋಡುವುದೂ, ಒಲೆಯಲ್ಲಿ ಕಾಯಿಸುವುದೂ ಬೇಡ. ಕೆಲವು ಅದಿರುಗಳಲ್ಲಿ ಆರ್ಸೆನಿಕ್ ಇರುತ್ತದೆ.

1. ಅಡುಗೆಮನೆಯ ಉಪ್ಪಿನಿಂದ ಶುರು ಮಾಡಿ

ನಾಲ್ಕಾರು ಕಲ್ಲುಪ್ಪಿನ ಹರಳುಗಳನ್ನು ಕಪ್ಪು ಕಾಗದದ ಮೇಲೆ ಹರಡಿ ಲೆನ್ಸಿನಲ್ಲಿ ನೋಡಿ. ಮುಖಗಳು ಚೌಕ, ಮೂಲೆಗಳು ನೆಟ್ಟಗೆ 90 ಡಿಗ್ರಿ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಂಥ ಆಗರಗಳಲ್ಲಿ ಬಿಸಿಲಿಗೆ ಒಣಗಿಸಿದ ಉಪ್ಪಾದರೆ ಕೆಲವು ಹರಳುಗಳ ಮುಖ ಕಲ್ಯಾಣಿಯ ಮೆಟ್ಟಿಲಿನಂತೆ ಒಳಗೆ ತಗ್ಗಿರುವುದೂ ಕಾಣಬಹುದು. ನೀರು ಬೇಗ ಆರುವಾಗ ಹರಳಿನ ಅಂಚು ಮುಂದೆ ಓಡಿ, ನಡುಭಾಗ ಹಿಂದೆ ಉಳಿದದ್ದರ ಗುರುತು ಅದು.

ಈಗ ಒಂದು ಹರಳಿನ ಮೇಲೆ ಚಾಕುವಿನ ಅಲಗನ್ನು ಒಂದು ಮುಖಕ್ಕೆ ಸಮಾನಾಂತರವಾಗಿಟ್ಟು ಮೆಲ್ಲಗೆ ತಟ್ಟಿ. ಅದು ಒಡೆದು ಸಣ್ಣ ಪೆಟ್ಟಿಗೆಗಳಾಗುತ್ತದೆ. ಅದನ್ನೂ ಒಡೆಯಿರಿ, ಮತ್ತೂ ಸಣ್ಣ ಪೆಟ್ಟಿಗೆ. ಇದು ಎಲ್ಲಿಯವರೆಗೆ ಹೋಗುತ್ತದೆ? ಸೋಡಿಯಂ ಮತ್ತು ಕ್ಲೋರಿನ್ ಸರದಿಯಂತೆ ನಿಂತ, 0.564 ನ್ಯಾನೋಮೀಟರ್ ಅಂಚಿನ ಒಂದು ಘನದವರೆಗೆ. ಒಂದು ಮಿಲಿಮೀಟರ್ ಉಪ್ಪಿನ ಅಂಚಿನಲ್ಲಿ ಅಂಥ ಸುಮಾರು 17 ಲಕ್ಷಕ್ಕೂ ಹೆಚ್ಚು ಘನಗಳು ಸಾಲಾಗಿ ನಿಂತಿರುತ್ತವೆ.

ಹೀಗೆ ಮೂರೂ ದಿಕ್ಕಿಗೆ ಮರುಕಳಿಸುತ್ತಾ ಹೋಗುವ ಅತಿ ಚಿಕ್ಕ ಮಾದರಿಗೆ ಯೂನಿಟ್ ಸೆಲ್ ಎನ್ನುತ್ತಾರೆ. ಗೋಡೆಗೆ ಇಟ್ಟಿಗೆ ಹೇಗೋ ಹರಳಿಗೆ ಯೂನಿಟ್ ಸೆಲ್ ಹಾಗೆ. ಪರಮಾಣುಗಳು ಈ ಶಿಸ್ತಿನಲ್ಲಿ ನಿಂತಿದ್ದರೆ ಅದು ಹರಳು. ಗಾಜಿನಲ್ಲಿ ಈ ಶಿಸ್ತಿಲ್ಲ. ಎಷ್ಟೇ ಪಾರದರ್ಶಕವಾಗಿದ್ದರೂ, ವಜ್ರದಂತೆ ಕತ್ತರಿಸಿದ್ದರೂ ಗಾಜು ಹರಳಲ್ಲ. ಉಪ್ಪಿನೊಳಗಿನ ಜೋಡಣೆ ಹೀಗಿದೆ ಎಂದು 1913ರಲ್ಲಿ ಎಕ್ಸ್-ರೇ ಬಳಸಿ ತೋರಿಸಿಕೊಟ್ಟವರು ಲಾರೆನ್ಸ್ ಬ್ರಾಗ್. ತಂದೆ ವಿಲಿಯಂ ಬ್ರಾಗ್ ಜೊತೆ 1915ರ ನೊಬೆಲ್ ಪಡೆದಾಗ ಅವರಿಗೆ 25 ವರ್ಷ. ಅದಕ್ಕೂ ಮುಂಚೆ, 1912ರಲ್ಲಿ, ಮ್ಯಾಕ್ಸ್ ಫಾನ್ ಲಾವೆ ಅವರ ಊಹೆಯಂತೆ ಎಕ್ಸ್-ರೇ ಹಾಯಿಸಿದ ಮೊದಲ ಹರಳು ಯಾವುದು ಗೊತ್ತೇ? ನಮ್ಮ ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಕರಗಿಸುವ ಅದೇ ನೀಲಿ ಮೈಲುತುತ್ತ.

2. ಇಟ್ಟಿಗೆಯ ಆಕಾರ ಏಳು ಬಗೆ

ಯೂನಿಟ್ ಸೆಲ್ಲಿನ ಮೂರು ಅಂಚುಗಳ ಉದ್ದ, ಅವುಗಳ ನಡುವಿನ ಕೋನ, ಅದರ ಸಮ್ಮಿತಿ, ಅಂದರೆ ತಿರುಗಿಸಿದರೂ ಮೊದಲಿನಂತೆಯೇ ಕಾಣುವ ಗುಣ, ಇವನ್ನು ನೋಡಿ ಹರಳುಗಳನ್ನು ಏಳು ಪಂಗಡ ಮಾಡಿದ್ದಾರೆ: ಕ್ಯೂಬಿಕ್, ಟೆಟ್ರಾಗನಲ್, ಆರ್ಥೋರಾಂಬಿಕ್, ಹೆಕ್ಸಾಗನಲ್, ಟ್ರೈಗನಲ್, ಮೋನೋಕ್ಲಿನಿಕ್, ಟ್ರೈಕ್ಲಿನಿಕ್. ಹೆಸರುಗಳಿಗೆ ಹೆದರಬೇಡಿ. ಕ್ಯೂಬಿಕ್ ಎಂದರೆ ಮೂರು ಅಂಚೂ ಸಮ, ಎಲ್ಲ ಕೋನವೂ 90. ಟ್ರೈಕ್ಲಿನಿಕ್‌ನಲ್ಲಿ ಅಂಚೂ ಸಮವಲ್ಲ, ಕೋನವೂ ನೆಟ್ಟಗಿಲ್ಲ. ಉಳಿದವು ಇವೆರಡರ ನಡುವೆ. ಶುರುವಿನಲ್ಲಿ ಇಷ್ಟು ಸಾಕು. ಏಳನ್ನೂ ಕಂಠಪಾಠ ಮಾಡಲು ಹೊರಟು ಅರ್ಧಕ್ಕೇ ಕೈಬಿಟ್ಟವರು ಬಹಳ.

ಇಲ್ಲಿ ಆಗುವ ತಪ್ಪು: ಕ್ಯೂಬಿಕ್ ಎಂದರೆ ಹರಳು ಡಬ್ಬಿಯ ಆಕಾರದಲ್ಲೇ ಇರಬೇಕು ಎಂದುಕೊಳ್ಳುವುದು. ಗಾರ್ನೆಟ್ ಕೂಡ ಕ್ಯೂಬಿಕ್, ಆದರೆ ಸಾಮಾನ್ಯವಾಗಿ ಹನ್ನೆರಡು ವಜ್ರಾಕೃತಿಯ ಮುಖಗಳ ಗುಂಡಗಿನ ಹರಳಾಗಿ ಬೆಳೆಯುತ್ತದೆ. ಪಟಿಕವೂ ಕ್ಯೂಬಿಕ್, ಅದು ಎರಡು ಪಿರಮಿಡ್ಡುಗಳನ್ನು ತಳಕ್ಕೆ ತಳ ಅಂಟಿಸಿದಂತೆ ಎಂಟು ಮುಖ ಬಿಡುತ್ತದೆ. ಒಂದೇ ಬಗೆಯ ಇಟ್ಟಿಗೆಯಿಂದ ಗೋಡೆಯನ್ನೂ ಕಟ್ಟಬಹುದು, ಗೋಪುರವನ್ನೂ ಕಟ್ಟಬಹುದಲ್ಲ.

3. ಬೆಳೆದ ಮುಖವೋ, ಸೀಳಿದ ಮುಖವೋ?

ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲಿ. ಕಲ್ಲಿನ ಮೇಲೆ ಕಾಣುವ ನುಣುಪು ಮುಖ ಎರಡು ರೀತಿಯಲ್ಲಿ ಬಂದಿರಬಹುದು. ಹರಳು ಬೆಳೆಯುವಾಗಲೇ ಮೂಡಿದ್ದು ಒಂದು. ಬಂಧ ದುರ್ಬಲವಾಗಿರುವ ಪದರದಲ್ಲಿ ಕಲ್ಲು ಬಿಟ್ಟುಕೊಂಡು ಉಂಟಾದದ್ದು ಇನ್ನೊಂದು, ಅದಕ್ಕೆ ಸೀಳು ಎನ್ನೋಣ, ಭೂವಿಜ್ಞಾನದವರು ಕ್ಲೀವೇಜ್ ಎನ್ನುತ್ತಾರೆ. ಪರೀಕ್ಷೆ ಸುಲಭ. ಕಲ್ಲನ್ನು ದೀಪದ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸಿ. ಬೇರೆಬೇರೆ ಎತ್ತರದಲ್ಲಿರುವ ಸಣ್ಣ ಮೆಟ್ಟಿಲುಗಳೆಲ್ಲ ಒಟ್ಟಿಗೇ ಪಳಕ್ಕನೆ ಮಿಂಚಿದರೆ ಅದು ಸೀಳು. ಅನುಮಾನ ಉಳಿದರೆ ಒಂದು ಚೂರು ಒಡೆಯಿರಿ. ಸೀಳಾದರೆ ಅದೇ ದಿಕ್ಕಿನ ಮುಖ ಮತ್ತೆ ಮತ್ತೆ ಬರುತ್ತದೆ. ಬೆಳೆದ ಮುಖ ಒಡೆದರೆ ಹೋಯಿತು.

ಈಗ ಕಾಗೆಬಂಗಾರ ಕೈಗೆತ್ತಿಕೊಳ್ಳಿ. ಉಗುರಿನಿಂದಲೇ ಹಾಳೆ ಹಾಳೆಯಾಗಿ ಬಿಡಿಸಬಹುದು. ಅದರೊಳಗೆ ಸಿಲಿಕಾನ್ ಮತ್ತು ಆಕ್ಸಿಜನ್ ಹಾಳೆಗಳಂತೆ ಬಿಗಿಯಾಗಿ ಹೆಣೆದುಕೊಂಡಿವೆ. ಹಾಳೆ ಹಾಳೆಯ ನಡುವೆ ಪೊಟ್ಯಾಸಿಯಂ ಸಡಿಲವಾಗಿ ಹಿಡಿದು ನಿಂತಿದೆ. ಹಾಗಾಗಿ ಒಂದೇ ದಿಕ್ಕಿನ ಸೀಳು. ಹಾಳೆಯನ್ನು ಅಡ್ಡ ಹರಿಯಲು ಹೋಗಿ, ಎಷ್ಟು ಜಗ್ಗುತ್ತದೆ ಎಂದು ಬೆರಳಿಗೇ ತಿಳಿಯುತ್ತದೆ.

ಬೆಣಚುಕಲ್ಲಿನಲ್ಲೂ ಇರುವುದು ಅದೇ ಸಿಲಿಕಾನ್, ಅದೇ ಆಕ್ಸಿಜನ್. ಆದರೆ ಇಲ್ಲಿ ಪ್ರತಿ ಸಿಲಿಕಾನಿನ ಸುತ್ತ ನಾಲ್ಕು ಆಕ್ಸಿಜನ್, ಆ ನಾಲ್ಕರಲ್ಲಿ ಪ್ರತಿಯೊಂದೂ ಪಕ್ಕದ ಇನ್ನೊಂದು ಸಿಲಿಕಾನಿನ ಜೊತೆ ಹಂಚಿಕೊಂಡದ್ದು. ಹಂದರದಂತೆ ಎಲ್ಲ ದಿಕ್ಕಿಗೂ ಹೆಣೆದದ್ದರಿಂದ ಸಡಿಲ ಪದರವೇ ಇಲ್ಲ. ಒಡೆದರೆ ಬಾಟಲಿ ಗಾಜಿನಂತೆ ಬಾಗಿದ, ಚಿಪ್ಪಿನ ಒಳಮೈಯಂಥ ಮುರಿತ ಬರುತ್ತದೆ. ಬಿಳಿ ಕಲ್ಲೊಂದು ಚಿಪ್ಪಿನಂತೆ ಮುರಿದು, ಅಂಚು ಚರ್ಮ ಕೊಯ್ಯುವಷ್ಟು ಹರಿತವಾಗಿದ್ದರೆ ಅದು ಬಹುತೇಕ ಬೆಣಚುಕಲ್ಲೇ.

ಬಳಪದ ಕಲ್ಲೂ ಪದರದ ಕುಟುಂಬದ್ದೇ. ಅದರಲ್ಲಿರುವ ತಾಲ್ಕ್, ಕ್ಲೋರೈಟ್ ಎರಡೂ ಹಾಳೆಯ ಜೋಡಣೆಯ ಖನಿಜಗಳು. ತಾಲ್ಕಿನಲ್ಲಿ ಹಾಳೆಗಳ ನಡುವೆ ಪೊಟ್ಯಾಸಿಯಮ್ಮಿನ ಹಿಡಿತವೂ ಇಲ್ಲ, ಆದ್ದರಿಂದ ಮುಟ್ಟಿದರೆ ಸಾಬೂನಿನಂತೆ ಜಾರುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಮದನಿಕೆಯ ಕೊರಳಿನ ಹಾರದ ಮಣಿ ಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾದದ್ದು ಈ ಮೃದುತ್ವದಿಂದ. ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರ್, ಬೆಣಚು ತುಂಬಿವೆ, ಎರಡೂ ಮೂರು ದಿಕ್ಕಿಗೆ ಹೆಣೆದ ಹಂದರ. ಅದೇ ಉಳಿ ಅಲ್ಲಿ ಅಷ್ಟು ಮಾತು ಕೇಳುವುದಿಲ್ಲ. ಆ ಗುಡಿಗಳ ಮುಂದೆ ನಿಂತಾಗಲೆಲ್ಲ ನನಗೆ ಶಿಲ್ಪಿಯ ಕೈಯ ಜೊತೆಗೆ ಈ ಹಾಳೆಗಳೂ ನೆನಪಾಗುತ್ತವೆ. ದಯವಿಟ್ಟು ಅಲ್ಲಿಯ ಕಲ್ಲಿನ ಮೇಲೆ ಉಗುರಿನ ಪರೀಕ್ಷೆಯನ್ನೂ ಮಾಡಬೇಡಿ.

4. ಕೋನ ಅಳೆಯಿರಿ

ಸೀಳು ಎಷ್ಟು ದಿಕ್ಕಿಗಿದೆ ಎಂದು ಎಣಿಸಿದ ಮೇಲೆ, ಎರಡು ಸೀಳು ಮುಖಗಳು ಕೂಡುವ ಅಂಚಿಗೆ ದಪ್ಪ ಕಾಗದದ ಎರಡು ಪಟ್ಟಿಗಳನ್ನು ಕತ್ತರಿಯಂತೆ ತೆರೆದು ಒತ್ತಿ ಹಿಡಿಯಿರಿ. ಆ ತೆರವನ್ನು ಕೋನಮಾಪಕದ ಮೇಲಿಟ್ಟು ಓದಿ. ಪಟ್ಟಿಗಳು ಅಂಚಿಗೆ ಲಂಬವಾಗಿ ಕೂರಬೇಕು, ಓರೆಯಾದರೆ ಅಳತೆ ತಪ್ಪುತ್ತದೆ.

ಉಪ್ಪು: ಮೂರು ದಿಕ್ಕು, ಎಲ್ಲವೂ 90. ಕ್ಯಾಲ್ಸೈಟ್: ಇದಕ್ಕೂ ಮೂರು ದಿಕ್ಕು, ಆದರೆ ಸುಮಾರು 75 ಮತ್ತು 105 ಡಿಗ್ರಿ, ಒಂದು ಬದಿಗೆ ವಾಲಿದ ಬೆಂಕಿಪೊಟ್ಟಣದಂತೆ. ಫೆಲ್ಡ್‌ಸ್ಪಾರ್: ಎರಡು ದಿಕ್ಕು, 90ರ ಆಸುಪಾಸು. ಕಪ್ಪು ಕಲ್ಲುಗಳಲ್ಲಿ ಪೈರಾಕ್ಸೀನ್ ಮತ್ತು ಆಂಫಿಬೋಲ್ ನೋಡಲು ಒಂದೇ ಥರ. ಆದರೆ ಮೊದಲನೆಯದರಲ್ಲಿ ಸಿಲಿಕಾ, ಅಂದರೆ ಸಿಲಿಕಾನ್–ಆಕ್ಸಿಜನ್ ಹೆಣಿಗೆ, ಒಂಟಿ ಸರಪಳಿಯಾಗಿರುತ್ತದೆ, ಸೀಳಿನ ಕೋನ 87–93. ಎರಡನೆಯದರಲ್ಲಿ ಜೋಡಿ ಸರಪಳಿ, ಕೋನ 56–124. ಸರಪಳಿ ಅಗಲವಾದಂತೆ ಅದನ್ನು ಬಳಸಿ ಸೀಳು ಹೋಗುವ ದಾರಿಯೂ ಓರೆಯಾಗುತ್ತದೆ. ಪರಮಾಣುಗಳನ್ನು ಕಾಣದೆಯೇ ಅವು ಹೇಗೆ ನಿಂತಿವೆ ಎಂದು ಕೋನಮಾಪಕವೊಂದು ಹೇಳಿಬಿಡುತ್ತದಲ್ಲ, ಇದಕ್ಕಿಂತ ಸೊಗಸಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಬೆಳೆದ ಮುಖಗಳ ಕೋನವೂ ಅಷ್ಟೇ ನಂಬಿಕಸ್ಥ. ಬೆಣಚಿನ ಹರಳು ಉದ್ದವಿರಲಿ, ಗಿಡ್ಡವಿರಲಿ, ಒಂದು ಬದಿ ಚಪ್ಪಟೆಯಾಗಿರಲಿ, ಅಕ್ಕಪಕ್ಕದ ಕಂಬದ ಮುಖಗಳ ನಡುವೆ ಯಾವಾಗಲೂ 120 ಡಿಗ್ರಿ. ಇದನ್ನು 1669ರಲ್ಲೇ ನಿಕೋಲಸ್ ಸ್ಟೆನೋ ಗಮನಿಸಿದ್ದರು. ಆ ಮುಖಗಳ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳಿದ್ದರೆ ಬೆಣಚು ಎಂಬುದಕ್ಕೆ ಇನ್ನೊಂದು ಸಾಕ್ಷಿ.

ಎಚ್ಚರಿಕೆ: ಕೆಲವೊಮ್ಮೆ ಹೊರಗಿನ ಆಕಾರ ಒಂದು ಖನಿಜದ್ದು, ಒಳಗಿರುವುದು ಬೇರೆಯೇ. ಚಿನ್ನದಂತೆ ಹೊಳೆಯುವ ಕಬ್ಬಿಣ–ಗಂಧಕದ ಖನಿಜವಾದ ಪೈರೈಟಿನ ಚೌಕ ಹರಳುಗಳು ಮಣ್ಣಿನ ತೇವಕ್ಕೆ ತುಕ್ಕು ಹಿಡಿದು ಕಂದು ಬಣ್ಣದ ಕಬ್ಬಿಣದ ಖನಿಜವಾಗಿ ಬದಲಾದರೂ ಚೌಕ ಆಕಾರ ಹಾಗೆಯೇ ಉಳಿಯುತ್ತದೆ. ಆಕಾರ ಒಂದನ್ನೇ ನಂಬಬೇಡಿ. ಎರಡು ಹರಳುಗಳು ಒಂದರೊಳಗೊಂದು ಹೆಣೆದು ಬೆಳೆಯುವುದೂ ಉಂಟು. ಶಿಲುಬೆಯಂತೆ ಕಾಣುವ ಸ್ಟೌರೊಲೈಟ್ ಅಂಥದ್ದು.

5. ಗೀರಿ ನೋಡಿ

ಗಡಸುತನಕ್ಕೆ ಮೋಸ್ ಅಳತೆಯನ್ನು ಬಳಸುತ್ತೇವೆ: ತಾಲ್ಕ್ 1, ವಜ್ರ 10. ಇದು ಕೇವಲ ಸಾಲು, ಪ್ರಮಾಣವಲ್ಲ. 10 ಎಂದರೆ 5ರ ಎರಡರಷ್ಟು ಗಟ್ಟಿ ಎಂದೇನೂ ಅಲ್ಲ. ಉಗುರು ಸುಮಾರು 2.5, ತಾಮ್ರ 3, ಚಾಕು ಮತ್ತು ಗಾಜು 5.5ರ ಹತ್ತಿರ, ಬೆಣಚು 7. ಹಳೆಯ ಪುಸ್ತಕಗಳಲ್ಲಿ ತಾಮ್ರದ ನಾಣ್ಯದಿಂದ ಗೀರಿ ಎಂದಿರುತ್ತದೆ. ಈಗಿನ ಒಂದು, ಎರಡು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನವು, ಅವುಗಳಿಂದ ಗೀರಿದರೆ ಲೆಕ್ಕ ಕೆಡುತ್ತದೆ. ತಂತಿಯನ್ನೇ ಬಳಸಿ.

ಗೀರಿದ ಮೇಲೆ ಬೆರಳಿಗೆ ಸ್ವಲ್ಪ ನೀರು ಹಚ್ಚಿ ಒರೆಸಿ. ಗೆರೆ ಮಾಯವಾದರೆ ಗೀರಿದ ವಸ್ತುವೇ ಸವೆದು ಪುಡಿ ಮೆತ್ತಿತ್ತು ಎಂದರ್ಥ. ಗೆರೆ ಉಳಿದು, ಉಗುರಿಗೆ ತಗ್ಗು ಸಿಕ್ಕರೆ ಮಾತ್ರ ನಿಜವಾದ ಗೀರು. ಬೆಣಚಿನ ಮೇಲೆ ಚಾಕು ಎಳೆದಾಗ ಬರುವ ಬೂದು ಗೆರೆ ಚಾಕುವಿನ ಉಕ್ಕು. ಅದನ್ನು ಗೀರು ಎಂದು ತಿಳಿದು ಬೆಣಚನ್ನು ಮೆತ್ತನೆ ಕಲ್ಲು ಎಂದವರಿದ್ದಾರೆ. ಹಾಗೆಯೇ ಗೀರುವುದು ಹೊಸದಾಗಿ ಒಡೆದ ಮುಖದ ಮೇಲಿರಲಿ, ಗಾಳಿ ಮಳೆಗೆ ಕೊಳೆತ ಹೊರಮೈ ಮೇಲೆ ಬೇಡ.

ಒಂದೇ ಹರಳು ಒಂದು ದಿಕ್ಕಿಗೆ ಮೆತ್ತಗೆ, ಇನ್ನೊಂದು ದಿಕ್ಕಿಗೆ ಗಟ್ಟಿ ಇರಬಹುದೇ? ಇರಬಹುದು. ಹೊಳೆನರಸೀಪುರದ ಸುತ್ತಿನ ಶಿಸ್ಟ್ ಕಲ್ಲುಗಳಲ್ಲಿ ಕಯನೈಟ್ ಎಂಬ ಖನಿಜ ಸಿಗುತ್ತದೆ, ಸಾಮಾನ್ಯವಾಗಿ ನೀಲಿ ಛಾಯೆಯ ಚಪ್ಪಟೆ ಪಟ್ಟಿಗಳು. ಉದ್ದಕ್ಕೆ ಗೀರಿದರೆ ಅದರ ಗಡಸುತನ 4.5ರಿಂದ 5, ಚಾಕು ಗೀರುತ್ತದೆ. ಅಡ್ಡಕ್ಕೆ 6.5ರಿಂದ 7, ಚಾಕು ಸೋಲುತ್ತದೆ. ಅದರೊಳಗೆ ಅಲ್ಯುಮಿನಿಯಂ–ಆಕ್ಸಿಜನ್ ಸರಪಳಿಗಳು ಪಟ್ಟಿಯ ಉದ್ದಕ್ಕೆ ಓಡುತ್ತವೆ. ಸರಪಳಿಯ ಗುಂಟ ಗೀರುವುದು ಸುಲಭ, ಸರಪಳಿಯನ್ನೇ ಕಡಿಯುವುದು ಕಷ್ಟ. ಹೀಗಾಗಿ ಒಂದೇ ದಿಕ್ಕಿಗೆ ಗೀರಿ ತೀರ್ಮಾನಿಸಬೇಡಿ, ಅಡ್ಡಕ್ಕೂ ಉದ್ದಕ್ಕೂ ನೋಡಿ.

ಇನ್ನು ವಜ್ರದ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಎರಡು ತಪ್ಪು ನಂಬಿಕೆಗಳು ಬಲವಾಗಿವೆ. ಗಾಜು ಗೀರಿದರೆ ವಜ್ರ ಎಂಬುದು ಒಂದು. ಬೆಣಚು, ಗಾರ್ನೆಟ್, ಕುರುಂದ ಎಲ್ಲವೂ ಗಾಜು ಗೀರುತ್ತವೆ. ಸುತ್ತಿಗೆ ಏಟಿಗೆ ಒಡೆಯದಿದ್ದರೆ ವಜ್ರ ಎಂಬುದು ಇನ್ನೊಂದು, ಇದು ನಷ್ಟ ತರುವ ನಂಬಿಕೆ. ಗೀರು ತಾಳುವುದು ಬೇರೆ, ಏಟು ತಾಳುವುದು ಬೇರೆ. ವಜ್ರಕ್ಕೆ ನಾಲ್ಕು ದಿಕ್ಕಿನ ಸೀಳಿದೆ, ಸುತ್ತಿಗೆ ಬಿದ್ದರೆ ನಿಜವಾದ ವಜ್ರವೂ ಚೂರಾಗುತ್ತದೆ. ಜೇಡ್ ಕಲ್ಲಿನ ಗಡಸುತನ 6–7 ಮಾತ್ರ, ಆದರೆ ಸಣ್ಣ ಎಳೆಗಳು ಕಂಬಳಿಯಂತೆ ಹೆಣೆದುಕೊಂಡಿರುವುದರಿಂದ ಏಟಿಗೆ ಬಹಳ ತಾಳುತ್ತದೆ.

ವಜ್ರವೂ ಇಂಗಾಲ, ಪೆನ್ಸಿಲಿನ ಗ್ರಾಫೈಟೂ ಇಂಗಾಲ. ವಜ್ರದಲ್ಲಿ ಪ್ರತಿ ಇಂಗಾಲವೂ ಸುತ್ತಲಿನ ನಾಲ್ಕರ ಜೊತೆ 0.154 ನ್ಯಾನೋಮೀಟರ್ ದೂರದಲ್ಲಿ ಬಿಗಿದುಕೊಂಡಿದೆ. ಗ್ರಾಫೈಟಿನಲ್ಲಿ ಜೇನುಗೂಡಿನಂಥ ಹಾಳೆಗಳು, ಹಾಳೆಗೂ ಹಾಳೆಗೂ 0.335 ನ್ಯಾನೋಮೀಟರ್ ಅಂತರ. ಬರೆಯುವಾಗ ಕಾಗದಕ್ಕೆ ಮೆತ್ತುವುದು ಜಾರಿ ಬಂದ ಆ ಹಾಳೆಗಳು. ಗಡಸುತನ 10 ಮತ್ತು 1–2, ಸಾಂದ್ರತೆ 3.5 ಮತ್ತು 2.2. ಒಂದೇ ಧಾತು, ಜೋಡಣೆ ಬೇರೆ.

6. ನೀರಿನಲ್ಲಿ ತೂಗಿ

ಸಾಂದ್ರತೆ ಎಂದರೆ ಒಂದು ಘನ ಸೆಂಟಿಮೀಟರ್ ಕಲ್ಲಿನ ತೂಕ. ಮೊದಲು ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ತೆಳ್ಳನೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ ಇಳಿಬಿಡಿ. ಲೋಟದ ತಳಕ್ಕಾಗಲಿ ಬದಿಗಾಗಲಿ ತಾಗಬಾರದು. ತಕ್ಕಡಿ ಈಗ ತೋರಿಸುವ ಗ್ರಾಂ ಎಷ್ಟೋ ಕಲ್ಲಿನ ಗಾತ್ರ ಅಷ್ಟು ಘನ ಸೆಂ.ಮೀ. ಒಣ ತೂಕ 53 ಗ್ರಾಂ, ನೀರಿನಲ್ಲಿ 20 ಬಂದರೆ, 53 ಭಾಗಿಸು 20, ಅಂದರೆ 2.65. ಅದು ಬೆಣಚಿನ ಸಾಂದ್ರತೆ.

ಕಲ್ಲಿಗೆ ಅಂಟಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಸವರಿ ತೆಗೆಯಿರಿ. ಹತ್ತು ಗ್ರಾಂಗಿಂತ ಚಿಕ್ಕ ಕಲ್ಲಿನಲ್ಲಿ ಈ ಲೆಕ್ಕ ಅಷ್ಟು ನಿಖರವಲ್ಲ. ಬೆಣಚು, ಫೆಲ್ಡ್‌ಸ್ಪಾರ್, ಕ್ಯಾಲ್ಸೈಟ್ ಮೂರೂ 2.6–2.7ರ ಸುತ್ತಲೇ ಇರುವುದರಿಂದ ಅವನ್ನು ಬೇರೆ ಮಾಡಲು ಇದು ಸಾಲದು. ಬೆರೈಟ್ 4.5, ಕುರುಂದ 4, ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು 5.2, ಪೈರೈಟ್ 5, ಇಂಥ ಭಾರದವನ್ನು ಬೇರ್ಪಡಿಸಲು ಬಹಳ ಒಳ್ಳೆಯದು. ಕುರುಂದದಲ್ಲಿ ಆಕ್ಸಿಜನ್ನುಗಳು ಸಂತೆಯಲ್ಲಿ ಕಿತ್ತಳೆ ಪೇರಿಸಿದ ಹಾಗೆ ಸಂದಿಲ್ಲದೆ ಒತ್ತಿಕೊಂಡಿವೆ. ಭಾರ, ಗಡಸುತನ 9, ಎರಡಕ್ಕೂ ಕಾರಣ ಅದೇ. ಇಂಗ್ಲಿಷಿನವರ ಕೊರಂಡಂ ಎಂಬ ಪದವೂ ದಕ್ಷಿಣ ಭಾರತದ ಈ ಕುರುಂದದಿಂದ ಹೋದದ್ದೇ.

7. ಒರೆ, ಆಯಸ್ಕಾಂತ, ಕೊನೆಗೆ ಬಣ್ಣ

ಟೈಲ್ಸಿನ ಹಿಂಬದಿಗೆ ಕಲ್ಲನ್ನು ಉಜ್ಜಿದರೆ ಬರುವ ಪುಡಿಯ ಬಣ್ಣಕ್ಕೆ ಒರೆ ಎನ್ನೋಣ. ಸಂಡೂರಿನ ಕಬ್ಬಿಣದ ಅದಿರು ಹೆಮಟೈಟ್ ನೋಡಲು ಉಕ್ಕಿನ ಕಪ್ಪಾಗಿದ್ದರೂ ಒರೆ ಕೆಂಪು. ಕುದುರೆಮುಖದ ಮ್ಯಾಗ್ನೆಟೈಟಿನ ಒರೆ ಕಪ್ಪು, ಆಯಸ್ಕಾಂತಕ್ಕೂ ಅಂಟುತ್ತದೆ. ಬೆಣಚಿಗಿಂತ ಗಟ್ಟಿಯಾದವು ಟೈಲ್ಸನ್ನೇ ಗೀರುತ್ತವೆ, ಆ ಬಿಳಿ ಪುಡಿ ಟೈಲ್ಸಿನದು.

ಚಿನ್ನವೋ ಪೈರೈಟೋ ಎಂಬ ಪ್ರಶ್ನೆಗೂ ಇಲ್ಲೇ ಉತ್ತರ. ಸೂಜಿಯಿಂದ ಒತ್ತಿ: ಚಿನ್ನ ತಗ್ಗಾಗುತ್ತದೆ, ಪೈರೈಟ್ ಪುಡಿಯಾಗಿ ಸಿಡಿಯುತ್ತದೆ. ಚಿನ್ನದ ಪರಮಾಣುಗಳ ಪದರಗಳು ಬಂಧ ಕಡಿಯದೆ ಒಂದರ ಮೇಲೊಂದು ಜಾರಬಲ್ಲವು, ಅಕ್ಕಸಾಲಿಗನ ಸುತ್ತಿಗೆಗೆ ತಗಡಾಗುವುದು ಅದಕ್ಕೇ. ಪೈರೈಟಿನಲ್ಲಿ ಕಬ್ಬಿಣ, ಗಂಧಕಗಳ ಬಂಧ ಜಾರಲು ಬಿಡುವುದಿಲ್ಲ. ಚಿನ್ನದ ಒರೆ ಹಳದಿ, ಪೈರೈಟಿನದು ಹಸಿರು ಮಿಶ್ರಿತ ಕಪ್ಪು.

ತಿಳಿಯಾದ ಕ್ಯಾಲ್ಸೈಟ್ ಸಿಕ್ಕರೆ ಅದನ್ನು ಅಕ್ಷರದ ಮೇಲಿಟ್ಟು ನೋಡಿ, ಅಕ್ಷರ ಎರಡಾಗಿ ಕಾಣುತ್ತದೆ. ಹರಳನ್ನು ತಿರುಗಿಸಿದರೆ ಒಂದು ನಿಂತಲ್ಲೇ ಇದ್ದು, ಇನ್ನೊಂದು ಅದರ ಸುತ್ತ ಸರಿಯುತ್ತದೆ. ಒಳಗಿನ ಕಾರ್ಬೊನೇಟ್ ಗುಂಪುಗಳೆಲ್ಲ ಚಪ್ಪಟೆಯಾಗಿ ಒಂದೇ ಕಡೆಗೆ ಮುಖ ಮಾಡಿ ಮಲಗಿರುವುದರಿಂದ ಬೆಳಕು ಎರಡು ವೇಗದಲ್ಲಿ ಸೀಳಿ ಸಾಗುತ್ತದೆ. ಕ್ಯಾಲ್ಸೈಟಿನ ಪುಡಿಗೆ ವಿನೆಗರ್ ಹಾಕಿದರೆ ನಿಧಾನವಾಗಿ ನೊರೆ ಬರುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಬೇಡ.

ಬಣ್ಣವನ್ನು ಕೊನೆಗಿಟ್ಟದ್ದು ಬೇಕೆಂದೇ. ಶುದ್ಧ ಕುರುಂದಕ್ಕೆ ಬಣ್ಣವಿಲ್ಲ. ಅಲ್ಯುಮಿನಿಯಮ್ಮಿನ ಜಾಗದಲ್ಲಿ ಚೂರು ಕ್ರೋಮಿಯಂ ಕುಳಿತರೆ ಅದೇ ಮಾಣಿಕ್ಯ, ಕಬ್ಬಿಣ ಮತ್ತು ಟೈಟಾನಿಯಂ ಕುಳಿತರೆ ಇಂದ್ರನೀಲ. ಹಂದರ ಬದಲಾಗಲಿಲ್ಲ, ಬಾಡಿಗೆದಾರ ಬದಲಾದ ಅಷ್ಟೆ.

8. ಇಷ್ಟಾದರೂ ಗೊತ್ತಾಗದಿದ್ದರೆ

ನಿಮ್ಮ ಟಿಪ್ಪಣಿಯನ್ನು ಈ ಕ್ರಮದಲ್ಲಿ ಬರೆಯಿರಿ: ಸಿಕ್ಕ ಜಾಗ, ಸುತ್ತಲಿನ ಬಂಡೆ ಎಂಥದ್ದು, ಸೀಳು ಎಷ್ಟು ದಿಕ್ಕು, ಕೋನ, ಗಡಸುತನ ಎಷ್ಟರಿಂದ ಎಷ್ಟರ ನಡುವೆ, ಸಾಂದ್ರತೆ, ಒರೆ, ಬಣ್ಣ. ಹೆಬ್ಬೆರಳಿನ ಗಾತ್ರದ, ಹೊಸದಾಗಿ ಒಡೆದ ತುಂಡೊಂದನ್ನು ಕಾಗದದಲ್ಲಿ ಸುತ್ತಿ, ಭೂವಿಜ್ಞಾನ ವಿಭಾಗವಿರುವ ಹತ್ತಿರದ ಕಾಲೇಜಿಗೆ ಅಥವಾ ವಿಶ್ವವಿದ್ಯಾಲಯಕ್ಕೆ ಒಯ್ಯಿರಿ. ಅಲ್ಲಿ ಎಕ್ಸ್-ರೇ ಡಿಫ್ರಾಕ್ಷನ್ ಯಂತ್ರವಿದ್ದರೆ ಚಿಟಿಕೆ ಪುಡಿ ಸಾಕು. ಪರಮಾಣು ಪದರಗಳ ನಡುವಿನ ಅಂತರವನ್ನು ಅದು ನೇರವಾಗಿ ಅಳೆಯುತ್ತದೆ. ಕ್ಯಾಲ್ಸೈಟ್ ಮತ್ತು ಕಪ್ಪೆಚಿಪ್ಪಿನ ಅರಗೊನೈಟ್ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ಯಾವ ಧಾತು ಎಷ್ಟಿದೆ ಎಂದು ಮಾತ್ರ ನೋಡುವ ರಾಸಾಯನಿಕ ಪರೀಕ್ಷೆ ಅವೆರಡನ್ನು ಬೇರ್ಪಡಿಸದು, ಈ ಯಂತ್ರ ಬೇರ್ಪಡಿಸುತ್ತದೆ. ಪುಡಿ ಮಾಡಿ ಒಯ್ಯಬೇಡಿ, ಇಡೀ ತುಂಡನ್ನೇ ಕೊಡಿ. ಸೀಳು, ಕೋನ ನೋಡಲು ಅವರಿಗೂ ತುಂಡೇ ಬೇಕು.